ಸಲಹಾ ಸಂಸ್ಥೆಗೆ ಮೊದಲ ಗ್ರಾಹಕರು ಎಲ್ಲಿಂದ?

ಬಟ್ಟೆ ವ್ಯಾಪಾರಿಯು ಥಾನು ಬಿಚ್ಚಿ ತೋರಿಸಬಲ್ಲನು. ಪಂಪು ತಯಾರಕನು ನೀರೆತ್ತಿ ತೋರಿಸಬಲ್ಲನು. ಸಲಹೆ ಮಾರುವವನಿಗೆ ಈ ಅನುಕೂಲವಿಲ್ಲ. ಸಲಹೆಯನ್ನು ಜಾರಿಗೆ ತಂದ ಮೇಲಷ್ಟೇ ಅದರ ಬೆಲೆ ತಿಳಿಯುತ್ತದೆ. ಆದ್ದರಿಂದ ಹೊಸ ಸಲಹಾ ಸಂಸ್ಥೆಯು ಮೊದಲು ಮಾಡಬೇಕಾದುದು ಗ್ರಾಹಕನ ನಷ್ಟಭಯವನ್ನು ತಗ್ಗಿಸುವ ಕೆಲಸ. ಬಣ್ಣದ ಕರಪತ್ರದಿಂದ ಅದು ಆಗುವುದು ಅಪರೂಪ.

ಬೆಳಗಾವಿಯ ಉದ್ಯಮಬಾಗ್ ಎರಕದ ಘಟಕಗಳಿಗೆ ಹೆಸರಾದ ಪ್ರದೇಶ. ಅಲ್ಲಿ ಕುಲುಮೆಯ ಕೆಲಸದಲ್ಲಿ ಇಪ್ಪತ್ತು ವರ್ಷ ಪಳಗಿದ ಇಂಜಿನಿಯರರೊಬ್ಬರು ಸಲಹಾ ಸಂಸ್ಥೆ ತೆರೆಯುತ್ತಾರೆ ಎಂದಿಟ್ಟುಕೊಳ್ಳಬಹುದು. ಫಲಕದ ಮೇಲೆ 'ಎಲ್ಲ ಬಗೆಯ ಕೈಗಾರಿಕಾ ಸಲಹೆ' ಎಂದು ಬರೆಸಿದರೆ ಯಾವ ಮಾಲೀಕನಿಗೂ ಅವರನ್ನು ಯಾವ ಕೆಲಸಕ್ಕೆ ಕರೆಯಬೇಕೆಂಬುದು ಹೊಳೆಯದು. 'ಕುಲುಮೆಯ ವಿದ್ಯುತ್ ವೆಚ್ಚ' ಎಂದಿದ್ದರೆ, ತಿಂಗಳ ಬಿಲ್ಲು ಕೈಗೆ ಬಂದ ದಿನವೇ ಅವರ ನೆನಪಾಗುತ್ತದೆ.

ಮೊದಲ ಗ್ರಾಹಕರು ಸಾಮಾನ್ಯವಾಗಿ ಅಪರಿಚಿತರಲ್ಲ. ಹಿಂದಿನ ಉದ್ಯೋಗದಲ್ಲಿ ಅವರ ಕೆಲಸವನ್ನು ಕಣ್ಣಾರೆ ಕಂಡ ಸರಬರಾಜುದಾರರು, ಖರೀದಿದಾರರು, ಯಂತ್ರ ಮಾರಾಟಗಾರರು ಇಂಥವರ ಪಟ್ಟಿಯನ್ನು ಮೊದಲು ಮಾಡಬೇಕು. ಆದರೆ ಹಿಂದಿನ ಮಾಲೀಕರ ನಕ್ಷೆ, ದರಪಟ್ಟಿಗಳನ್ನು ಹೊತ್ತು ತರುವುದು ತಪ್ಪು. ಬಿಡುಗಡೆಯ ವೇಳೆ ಸಹಿ ಮಾಡಿದ ಷರತ್ತುಗಳನ್ನೂ ಓದಿಕೊಳ್ಳಬೇಕು. ಒಬ್ಬರ ಗುಟ್ಟನ್ನು ತಂದವನು ನಾಳೆ ತಮ್ಮ ಗುಟ್ಟನ್ನೂ ಒಯ್ಯುವನೆಂದು ಹೊಸ ಗ್ರಾಹಕನು ಊಹಿಸದೇ ಇರನು.

ಮೊದಲ ಕೆಲಸವನ್ನು ಉಚಿತವಾಗಿ ಮಾಡಿಕೊಡುವ ಪದ್ಧತಿ ಹಲವರಲ್ಲಿದೆ. ಇದು ಒಳ್ಳೆಯದಲ್ಲ. ಬಿಟ್ಟಿ ವರದಿಯನ್ನು ಮಾಲೀಕನು ಓದುವುದಿಲ್ಲ, ಓದಿದರೂ ಜಾರಿಗೆ ತರುವುದಿಲ್ಲ. ಜಾರಿಗೆ ಬಾರದ ಸಲಹೆಯಿಂದ ಎರಡನೆಯ ಗ್ರಾಹಕನಿಗೆ ತೋರಿಸಲು ಏನೂ ಸಿಗುವುದಿಲ್ಲ. ಬದಲಾಗಿ ಹತ್ತು ದಿನಗಳ ಸಣ್ಣ ತಪಾಸಣೆಯೊಂದನ್ನು ನಿಗದಿತ ಶುಲ್ಕಕ್ಕೆ ಒಪ್ಪಿಕೊಳ್ಳಬೇಕು. ತಿಂಗಳಿಗೆ 100 ಟನ್ ಕರಗಿಸುವ ಘಟಕದಲ್ಲಿ ಟನ್ನಿಗೆ 660 ಯೂನಿಟ್ ಖರ್ಚಾಗುತ್ತಿದೆ ಎನ್ನೋಣ. ಅಚ್ಚು ಸಿದ್ಧವಾಗುವ ಮೊದಲೇ ಲೋಹ ಕರಗಿಸಿ ಕಾಯಿಸುತ್ತಾ ಇಡುವುದು, ಕುಲುಮೆಯ ಮುಚ್ಚಳ ತೆರೆದೇ ಇರುವುದು, ಮರಳು ಅಂಟಿದ ಗುಜರಿ ಹಾಕುವುದು — ಇವನ್ನು ಸರಿಪಡಿಸಿ 620ಕ್ಕೆ ಇಳಿಸಿದರೆ ತಿಂಗಳಿಗೆ 4,000 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 28,000 ರೂಪಾಯಿ, ವರ್ಷಕ್ಕೆ 3,36,000. ಇದರೆದುರು 40,000 ರೂಪಾಯಿ ಶುಲ್ಕವನ್ನು ಯಾವ ಮಾಲೀಕನೂ ದುಬಾರಿ ಎನ್ನಲಾರನು. ತಪಾಸಣೆಗೆ ಮುಂಚಿನ ಮೂರು ತಿಂಗಳ ಮೀಟರ್ ಅಂಕಿಗಳನ್ನು ಇಬ್ಬರೂ ಸಹಿ ಮಾಡಿ ಇಟ್ಟುಕೊಳ್ಳಬೇಕು. ಇಲ್ಲವಾದರೆ ಉಳಿತಾಯವು ಸಲಹೆಯಿಂದ ಬಂದುದೋ, ಆರ್ಡರು ಕಡಿಮೆಯಾಗಿ ಬಂದುದೋ ಎಂಬ ವಾದ ತಪ್ಪದು.

ಲೆಕ್ಕಪರಿಶೋಧಕರು ಮತ್ತು ಬ್ಯಾಂಕ್ ಶಾಖೆಯ ಅಧಿಕಾರಿಗಳು ಘಟಕಗಳ ಒಳಗುಟ್ಟು ಬಲ್ಲವರು. ಅವರ ಒಂದು ಮಾತು ನೂರು ಪತ್ರಗಳಿಗೆ ಸಮ. ಆದರೆ ಅವರಿಗೆ ಕಮಿಷನ್ನಿನ ಆಸೆ ತೋರಿಸಬಾರದು. ಸನ್ನದು ಲೆಕ್ಕಪರಿಶೋಧಕರು ಸದಸ್ಯರಲ್ಲದವರ ವೃತ್ತಿ ಲಾಭದಲ್ಲಿ ಪಾಲು ಪಡೆಯುವುದನ್ನು 1949ರ ಕಾಯಿದೆಯೇ ದುರ್ವರ್ತನೆಯೆಂದು ಕರೆದಿದೆ. ವಾಣಿಜ್ಯ ಸಂಘದ ಸಭೆಯಲ್ಲಿ ಅರ್ಧ ಗಂಟೆ, ಒಂದೇ ವಿದ್ಯುತ್ ಬಿಲ್ಲನ್ನು ಸಾಲು ಸಾಲಾಗಿ ಬಿಡಿಸಿ ಹೇಳುವುದು ಇನ್ನೂ ಮೇಲು.

ಜಿ.ಎಸ್.ಟಿ. ವಿಚಾರದಲ್ಲಿ ಆರಂಭದಲ್ಲೇ ಗಾಬರಿ ಬೇಡ. ಕರ್ನಾಟಕದಲ್ಲಿ ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಗಡಿಯಾಚೆಯ ಕೊಲ್ಲಾಪುರದಲ್ಲಿ ಗ್ರಾಹಕ ಸಿಕ್ಕರೂ, 2017ರ ಅಕ್ಟೋಬರ್ ಅಧಿಸೂಚನೆಯಂತೆ, ಅಂತರರಾಜ್ಯ ಸೇವೆಗೂ ಇದೇ ಮಿತಿ. ಆದರೂ ದೊಡ್ಡ ಕಂಪನಿಗಳ ಖರೀದಿ ವಿಭಾಗಗಳು ನೋಂದಣಿ ಸಂಖ್ಯೆಯಿಲ್ಲದವರನ್ನು ಒಳಗೆ ಬಿಡುವುದಿಲ್ಲ. ಅಂಥವರನ್ನೇ ಗುರಿಯಿಟ್ಟುಕೊಂಡಿದ್ದರೆ ಸ್ವಇಚ್ಛೆಯಿಂದ ನೋಂದಾಯಿಸಿಕೊಳ್ಳುವುದು ಲೇಸು.

ಉದ್ಯಮ್ ನೋಂದಣಿಯನ್ನು ಮಾತ್ರ ಮೊದಲ ಕೆಲಸಕ್ಕೆ ಮುನ್ನವೇ ಮಾಡಿಸುವುದು ಕ್ಷೇಮ. 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಬರವಣಿಗೆಯ ಕರಾರಿದ್ದರೂ, 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸೇವೆಗೂ ಇದು ಅನ್ವಯಿಸುತ್ತದೆ. ಮೊದಲ ಗ್ರಾಹಕನ ಮೇಲೆ ಕಾಯಿದೆ ಹೂಡುವ ಪ್ರಸಂಗವೇ ಬಾರದಂತೆ ಅರ್ಧ ಶುಲ್ಕವನ್ನು ಮುಂಗಡವಾಗಿ, ಉಳಿದರ್ಧವನ್ನು ವರದಿ ಒಪ್ಪಿಸಿದ ದಿನ ಪಡೆಯುವುದೆಂದು ಪತ್ರದಲ್ಲೇ ಬರೆಯಬೇಕು. ತನ್ನ ಹೆಸರನ್ನೂ ಉಳಿತಾಯದ ಅಂಕಿಗಳನ್ನೂ ಇತರರಿಗೆ ತೋರಿಸಲು ಮಾಲೀಕನ ಸಮ್ಮತಿಯನ್ನು ಅದೇ ಪತ್ರದಲ್ಲಿ ಕೇಳಿ ಪಡೆದಿರಬೇಕು.