‘ನೋಡಿ’ ಎಂದು ಬರೆದಲ್ಲಿ ಕಾಣುವಂತಿರಲಿ

ರಾವೂರ, ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯಿಂದ ಬೆಂಗಳೂರು, ಹೈದರಾಬಾದ, ಪುಣೆಗೆ ಹೋಗಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮಕ್ಕಳೇ, ಈ ಮಾತು ನಿಮಗೆ. ನಿಮ್ಮಲ್ಲಿ ಕೆಲವರು ಕೋಡ್ ಬರೆಯುತ್ತೀರಿ, ಕೆಲವರು ಅದರ ಕೈಪಿಡಿ ಬರೆಯುತ್ತೀರಿ. ಕೈಪಿಡಿ ಬರೆಯುವವರಿಗೆ ಮನ್ನಣೆ ಕಡಿಮೆ. ಅದರಲ್ಲೂ ಅಡ್ಡ ಉಲ್ಲೇಖಗಳನ್ನು, ಅಂದರೆ ‘ಇದಕ್ಕೆ ಆ ಭಾಗ ನೋಡಿ’ ಎಂಬ ಕೊಂಡಿಗಳನ್ನು, ವರ್ಷಾನುಗಟ್ಟಲೆ ಕಾಪಾಡಿಕೊಂಡು ಬರುವವರನ್ನು ಕೇಳುವವರೇ ಇಲ್ಲ. ಆದರೂ ಈ ಕೆಲಸವನ್ನು ಸಣ್ಣದೆಂದು ಬಗೆಯಬೇಡಿ.

ದೊಡ್ಡ ಆಫೀಸಿನಲ್ಲಿ ಕೂತವರಿಗೆ ಏನಾದರೂ ತಿಳಿಯದಿದ್ದರೆ ಪಕ್ಕದ ಟೇಬಲ್ಲಿನವರನ್ನು ಕೇಳುತ್ತಾರೆ. ರಾವೂರಿನಲ್ಲಿ ಹಳೆಯ ಲ್ಯಾಪ್‌ಟಾಪ್ ಮುಂದೆ ಒಬ್ಬಳೇ ಕೂತು ಕಲಿಯುವ ಹುಡುಗಿ ಯಾರನ್ನು ಕೇಳಬೇಕು? ವಿಮ್, ಈಮ್ಯಾಕ್ಸ್‌ನಂಥ ಎಡಿಟರ್‌ಗಳ ಕೈಪಿಡಿ ಎಡಿಟರ್ ಒಳಗೇ ತೆರೆದುಕೊಳ್ಳುತ್ತದೆ, ಅದಕ್ಕೆ ನೆಟ್ ಬೇಕಿಲ್ಲ. ಆಕೆಗೆ ಅದೇ ಮೇಷ್ಟ್ರು. ‘ಹೆಚ್ಚಿನ ವಿವರಕ್ಕೆ ಇಲ್ಲಿ ನೋಡಿ’ ಎಂದ ಮೇಷ್ಟ್ರು ಅಲ್ಲಿ ಏನನ್ನೂ ಇಟ್ಟಿರದಿದ್ದರೆ ಆಕೆ ಕೈಪಿಡಿಯನ್ನು ದೂರುವುದಿಲ್ಲ, ತನಗೇ ತಲೆ ಸಾಲದು ಅಂದುಕೊಳ್ಳುತ್ತಾಳೆ. ಕೆಟ್ಟ ಕೊಂಡಿಯಿಂದ ಆಗುವ ನಿಜವಾದ ನಷ್ಟ ಅದು.

ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ವಿಮ್ ಎಡಿಟರಿನ ಕೈಪಿಡಿಯನ್ನೇ ಹತ್ತಿರದಿಂದ ನೋಡಿ. ಅದು ಬರೀ ಪಠ್ಯದ ಫೈಲುಗಳ ಕಟ್ಟು. ಒಂದು ಜಾಗಕ್ಕೆ ಹೆಸರಿಡಬೇಕಾದರೆ ಆ ಹೆಸರಿನ ಎರಡೂ ಕಡೆ ನಕ್ಷತ್ರ ಚಿಹ್ನೆ ಹಾಕುತ್ತಾರೆ, ಅದು ಟ್ಯಾಗ್. ಬೇರೆ ಕಡೆಯಿಂದ ಅಲ್ಲಿಗೆ ಕಳಿಸಬೇಕಾದರೆ ಅದೇ ಹೆಸರನ್ನು ಎರಡು ನಿಲುವುಗೆರೆಗಳ ನಡುವೆ ಬರೆಯುತ್ತಾರೆ. ಓದುವವರು ಅದರ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಜೊತೆ ಬಲ ಚೌಕ ಆವರಣ ಒತ್ತಿದರೆ ಅಲ್ಲಿಗೆ ಹೋಗುತ್ತಾರೆ, ಕಂಟ್ರೋಲ್ ಜೊತೆ ‘ಟಿ’ ಒತ್ತಿದರೆ ಹೊರಟ ಜಾಗಕ್ಕೇ ಮರಳುತ್ತಾರೆ. ‘ಹೆಲ್ಪ್‌ಟ್ಯಾಗ್ಸ್’ ಎಂಬ ಆಜ್ಞೆ ಎಲ್ಲ ಟ್ಯಾಗ್‌ಗಳನ್ನೂ ಒಂದು ಪಟ್ಟಿಗೆ ಸೇರಿಸುತ್ತದೆ. ಒಂದೇ ಹೆಸರು ಎರಡು ಕಡೆ ಇದ್ದರೆ ತಕರಾರು ಮಾಡುತ್ತದೆ. ಆದರೆ ಇಲ್ಲದ ಟ್ಯಾಗಿಗೆ ಯಾರಾದರೂ ಕೊಂಡಿ ಬರೆದಿದ್ದರೆ ಅದು ಸುಮ್ಮನಿರುತ್ತದೆ. ಅಂಥ ಕೊಂಡಿಯನ್ನು ನೀವೇ ಹುಡುಕಬೇಕು.

ಈಮ್ಯಾಕ್ಸ್ ಕೈಪಿಡಿಯನ್ನು ಟೆಕ್ಸ್‌ಇನ್ಫೋ ಎಂಬ ಬರಹ ವಿಧಾನದಲ್ಲಿ ಬರೆಯುತ್ತಾರೆ. ಅದರಲ್ಲಿ ಪ್ರತಿ ಭಾಗವೂ ಒಂದು ‘ನೋಡ್’. ಇಲ್ಲದ ನೋಡಿಗೆ ಕೊಂಡಿ ಕೊಟ್ಟರೆ ಕೈಪಿಡಿ ತಯಾರಿಸುವಾಗಲೇ ಮೇಕ್‌ಇನ್ಫೋ ಎಂಬ ಸಾಧನ ಎಚ್ಚರಿಸುತ್ತದೆ. ಆ ಎಚ್ಚರಿಕೆಗಳನ್ನು ಒಂದೂ ಬಿಡದೆ ಓದಿ. ‘ಆಮೇಲೆ ನೋಡೋಣ’ ಎಂದು ನಾಲ್ಕನ್ನು ಬಿಟ್ಟರೆ ಐದನೆಯದು ಬಂದದ್ದೇ ಗೊತ್ತಾಗುವುದಿಲ್ಲ.

ಕೊಂಡಿಗಳು ಹೆಚ್ಚಾಗಿ ಕೆಡುವುದು ಹೆಸರು ಬದಲಾದಾಗ. 2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು. ಆದರೂ ಹಳೆಯ ಅಂಕಪಟ್ಟಿ, ಹೊಲದ ಕಾಗದ ಹಿಡಿದು ಬಂದವರನ್ನು ‘ಗುಲಬರ್ಗಾ ಎಂಬ ಊರೇ ಇಲ್ಲ’ ಎಂದು ಯಾರೂ ವಾಪಸು ಕಳಿಸಲಿಲ್ಲ. ಕೈಪಿಡಿಯಲ್ಲೂ ಹೀಗೇ ನಡೆಯಬೇಕು. ಭಾಗದ ಹೆಸರು ಬದಲಿಸುವ ಮುಂಚೆ ಹಳೆಯ ಹೆಸರನ್ನು ಎಲ್ಲ ಫೈಲುಗಳಲ್ಲೂ ಹುಡುಕಿ, ಸಿಕ್ಕ ಕೊಂಡಿಗಳನ್ನೆಲ್ಲ ತಿದ್ದಿ. ಅಷ್ಟಕ್ಕೇ ನಿಲ್ಲಬೇಡಿ, ಹಳೆಯ ಹೆಸರನ್ನೂ ಉಳಿಸಿ. ವಿಮ್‌ನಲ್ಲಿ ಒಂದೇ ಜಾಗಕ್ಕೆ ಎರಡು ಮೂರು ಟ್ಯಾಗ್ ಇಡಬಹುದು. ಟೆಕ್ಸ್‌ಇನ್ಫೋದಲ್ಲಿ ಹಳೆಯ ಹೆಸರಿಗೆ ಒಂದು ‘ಆಂಕರ್’ ಹಾಕಬಹುದು. ನಿಮ್ಮ ಕೈಪಿಡಿಗೆ ಹೊರಗಿನಿಂದ ಯಾರು ಯಾರು ಕೊಂಡಿ ಕೊಟ್ಟಿದ್ದಾರೋ ನಿಮಗೆ ತಿಳಿಯದು; ಅವರ ದಾರಿ ಮುಚ್ಚುವ ಹಕ್ಕು ನಮಗಿಲ್ಲ.

ಅಂಕಿಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ವಿಮ್‌ನ ಬಳಕೆದಾರರ ಕೈಪಿಡಿಯಲ್ಲಿ ಅಧ್ಯಾಯದ ಅಂಕಿ ಟ್ಯಾಗಿನೊಳಗೇ ಇರುತ್ತದೆ. ಅಲ್ಲಿ 12ನೇ ಅಧ್ಯಾಯದ ನಂತರ ಬರುವುದು 20, 32ರ ನಂತರ 40. ನಡುವೆ ಜಾಗ ಇರುವುದರಿಂದ ಹೊಸ ಅಧ್ಯಾಯ ಸೇರಿಸಿದರೂ ಹಳೆಯ ಅಂಕಿ ಕದಲಬೇಕಿಲ್ಲ. ಪ್ರತಿ ಅಧ್ಯಾಯದ ಕೊನೆಗೆ ಮುಂದಿನದಕ್ಕೆ ಕೊಂಡಿ ಇರುತ್ತದೆ. ಹೊಸದನ್ನು ಸೇರಿಸಿದವರು ಹಿಂದಿನ ಅಧ್ಯಾಯದ ಕೊನೆಯ ಸಾಲನ್ನೂ ತಿದ್ದಲು ಮರೆಯಬಾರದು. ‘ಮೇಲೆ ಹೇಳಿದಂತೆ’, ‘ಮುಂದಿನ ಪುಟದಲ್ಲಿ’ ಎಂದಂತೂ ಬರೆಯಲೇಬೇಡಿ. ಸೂಚಿಯಿಂದ ನೇರವಾಗಿ ಅಲ್ಲಿಗೆ ಬಂದವರಿಗೆ ‘ಮೇಲೆ’ ಎಂಬುದು ಇರುವುದೇ ಇಲ್ಲ.

ಮುಂದೆ ಇಂಥ ಕೈಪಿಡಿಗಳನ್ನು ಕನ್ನಡಕ್ಕೆ ತರುವವರು ನಿಮ್ಮಲ್ಲೇ ಹುಟ್ಟಬೇಕು. ಆ ಕೆಲಸಕ್ಕೆ ಇಳಿದವರು ಪಠ್ಯವನ್ನು ಅನುವಾದಿಸಿ, ಟ್ಯಾಗನ್ನು ಅನುವಾದಿಸಬೇಡಿ. ವಿಮ್ ಕೈಪಿಡಿಯೇ ಅನುವಾದಕರಿಗೆ ಹೀಗೆ ಹೇಳುತ್ತದೆ. ಬೇಕಿದ್ದರೆ ನಿಮ್ಮ ಭಾಷೆಯ ಟ್ಯಾಗನ್ನು ಜೊತೆಗೆ ಸೇರಿಸಬಹುದು ಎನ್ನುತ್ತದೆ. ಹಾಗೆ ಸೇರಿಸುವಾಗ ಕನ್ನಡ ಲಿಪಿಯ ಎರಡು ತೊಡಕುಗಳನ್ನು ನೆನಪಿಡಿ. ಯೂನಿಕೋಡ್‌ನಲ್ಲಿ ‘ಕೋ’ ಎಂಬುದನ್ನು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಕೂಡಿಸಿ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ವ್ಯಂಜನದಲ್ಲಿ ಮುಗಿಯುವ ಪದದ ಕೊನೆಗೆ ಕಾಣದ ಅಕ್ಷರವೊಂದು ಅಂಟಿಕೊಂಡಿರಬಹುದು. ಎದುರಿಗೆ ಟ್ಯಾಗ್ ಕಾಣುತ್ತಿದ್ದರೂ ಕೊಂಡಿ ‘ಸಿಗಲಿಲ್ಲ’ ಎನ್ನುವುದು ಇಂಥಲ್ಲೇ. ವಿಭಕ್ತಿ ಪ್ರತ್ಯಯವನ್ನೂ ಕೊಂಡಿಯೊಳಗೆ ತರಬೇಡಿ. ‘ಹುಡುಕಾಟದಲ್ಲಿ ನೋಡಿ’ ಎನ್ನುವ ಬದಲು ‘ಹುಡುಕಾಟ ಎಂಬ ಭಾಗ ನೋಡಿ’ ಎಂದರೆ ಹೆಸರು ಇಡಿಯಾಗಿ ಉಳಿಯುತ್ತದೆ.

ಯಂತ್ರಕ್ಕೆ ಸಿಗದ ತಪ್ಪುಗಳೂ ಇವೆ. ಉದ್ದವಾದ ಭಾಗವನ್ನು ಎರಡಾಗಿ ಒಡೆಯುತ್ತೀರಿ. ಹಳೆಯ ಟ್ಯಾಗ್ ಮೊದಲ ಅರ್ಧದಲ್ಲಿ ಉಳಿಯುತ್ತದೆ. ಎರಡನೇ ಅರ್ಧದ ಮಾತಿಗಾಗಿ ಬಂದವರೂ ಮೊದಲ ಅರ್ಧಕ್ಕೇ ಬಂದು ನಿಲ್ಲುತ್ತಾರೆ. ಕೊಂಡಿ ಕೆಟ್ಟಿಲ್ಲ, ಆದರೆ ಬೇಕಾದ ವಿಷಯ ಅಲ್ಲಿಲ್ಲ. ಹಾಗೆಯೇ, ಮೊದಲ ಭಾಗ ‘ಎರಡನೆಯದನ್ನು ನೋಡಿ’ ಎನ್ನುವುದು, ಎರಡನೆಯದು ‘ಮೊದಲನೆಯದನ್ನು ನೋಡಿ’ ಎನ್ನುವುದು, ಎರಡರಲ್ಲೂ ವಿವರಣೆ ಇಲ್ಲದಿರುವುದು ಕೂಡ ಇಂಥದೇ ತಪ್ಪು. ಇವನ್ನು ಹಿಡಿಯಲು ಒಂದೇ ಉಪಾಯ: ಏನೂ ತಿಳಿಯದವರಂತೆ ಕೂತು ಕೊಂಡಿ ಒತ್ತಿ, ತಲುಪಿದ ಕಡೆ ಓದಿ, ‘ನಾನು ಬಂದದ್ದು ಇದಕ್ಕೇನಾ?’ ಎಂದು ಕೇಳಿಕೊಳ್ಳುವುದು.

ಮೂಲೆನಾರ್ 2023ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರ ಎಡಿಟರನ್ನೂ ಕೈಪಿಡಿಯನ್ನೂ ಈಗ ಬೇರೆಯವರು ನೋಡಿಕೊಳ್ಳುತ್ತಿದ್ದಾರೆ. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಮುಂದುವರಿಸಲು ಸಾಧ್ಯವಾಗುವುದು ಹೆಸರು, ಟ್ಯಾಗ್, ಕೊಂಡಿ ಎಲ್ಲವೂ ಒಂದು ಶಿಸ್ತಿನಲ್ಲಿದ್ದಾಗ. ವಿಮ್, ಈಮ್ಯಾಕ್ಸ್ ಎರಡೂ ಮುಕ್ತ ತಂತ್ರಾಂಶಗಳು. ಅವುಗಳ ಕೈಪಿಡಿಗೆ ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಈ ಭಾನುವಾರ ಒಂದು ಅಧ್ಯಾಯ ತೆರೆಯಿರಿ, ಅದರ ಕೊಂಡಿಗಳನ್ನೆಲ್ಲ ಒತ್ತಿ ನೋಡಿ, ಕೆಟ್ಟದ್ದು ಒಂದೇ ಸಿಕ್ಕರೂ ಸರಿಪಡಿಸಿ ಕಳಿಸಿ.