ಗಣಕಯಂತ್ರದ ಸ್ಮೃತಿಯೂ ಅದರ ಪೂರ್ಣವೇಗವೂ

'ಸ್ಮೃತಿ' ಎಂಬುದು 'ಸ್ಮೃ' ಧಾತುವಿನಿಂದ ಹುಟ್ಟಿದ ಶಬ್ದ; ನೆನೆಯುವಿಕೆ ಎಂದು ಅದರ ಅರ್ಥ. ವಿದ್ಯಾರ್ಥಿಯ ನೆನಪಿನಲ್ಲಿ ಎರಡು ಗುಣಗಳನ್ನು ಎಣಿಸಬಹುದು. ಓದಿದ್ದನ್ನು ಹಿಡಿದಿಡುವ ಧಾರಣೆ ಒಂದು. ಬೇಕಾದ ಕ್ಷಣದಲ್ಲಿ ಅದನ್ನು ಎತ್ತಿಕೊಡುವ ಸ್ಮರಣೆ ಮತ್ತೊಂದು. ಗಣಕಯಂತ್ರಕ್ಕೂ ಈ ವಿಭಾಗವು ಸಲ್ಲುತ್ತದೆ. ರ್‍ಯಾಮ್ ಎಂಬ ಸ್ಮೃತಿಫಲಕವು 8 ಅಥವಾ 16 ಗಿಗಾಬೈಟಿನದೆಂಬುದು ಧಾರಣೆಯ ಮಾತು. 2666, 3200 ಎಂದು ಅದರ ಮೇಲೆ ಮುದ್ರಿಸಿರುವುದು ಸ್ಮರಣೆಯ ವೇಗದ ಮಾತು. ಹಣ ತೆತ್ತು ಹೊಸ ಫಲಕವನ್ನು ಕೂರಿಸಿದ ಮಾತ್ರಕ್ಕೆ ಮೊದಲನೆಯದು ದೊರೆಯುತ್ತದೆ. ಎರಡನೆಯದು ಅನೇಕ ವೇಳೆ ದೊರೆಯುವುದಿಲ್ಲ. ಅದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

ಶಿಡ್ಲಘಟ್ಟದ ಮಕ್ಕಳಿಗೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ರೇಷ್ಮೆನೂಲು ಬಿಚ್ಚುವಲ್ಲಿ ಬಿಸಿನೀರಿನೊಳಗಿನ ಹಲವು ಗೂಡುಗಳ ಎಳೆಗಳು ಸೇರಿ ಒಂದು ನೂಲಾಗುತ್ತದೆ. ಒಂದು ಗೂಡು ತೀರಿದೊಡನೆ ಇನ್ನೊಂದರ ಎಳೆಯನ್ನು ಕೂಡಿಸಬೇಕು. ಕೂಡಿಸುವ ಕೈ ನಿಧಾನವಾದರೆ ರಾಟೆ ಎಷ್ಟು ಬೇಗ ತಿರುಗಿದರೂ ಪ್ರಯೋಜನವಿಲ್ಲ. ಪ್ರೊಸೆಸರ್ ರಾಟೆಯಂತೆ, ಸ್ಮೃತಿಯು ಎಳೆ ಕೊಡುವ ಕೈಯಂತೆ.

ವೇಗವು ಕುಂದಲು ಮುಖ್ಯ ಕಾರಣಗಳು ನಾಲ್ಕು.

ಮೊದಲನೆಯದು, ಯಂತ್ರದ ಸ್ವಾಭಾವಿಕ ಎಚ್ಚರಿಕೆ. ಪ್ರತಿ ಫಲಕದಲ್ಲಿಯೂ ಎಸ್‌ಪಿಡಿ ಎಂಬ ಪುಟ್ಟ ಚಿಪ್ ಇದೆ. ಅದು ಫಲಕದ ಜಾತಕವಿದ್ದಂತೆ. ಜೆಡೆಕ್ ಸಂಸ್ಥೆಯು ಗೊತ್ತುಪಡಿಸಿದ ಸಾಮಾನ್ಯ ವೇಗವು ಅದರಲ್ಲಿ ಬರೆದಿರುತ್ತದೆ. ಕೆಲವು ಫಲಕಗಳಲ್ಲಿ ತಯಾರಕರು ಪರೀಕ್ಷಿಸಿದ ಹೆಚ್ಚಿನ ವೇಗವೂ ಬೇರೆಯಾಗಿ ಇರುತ್ತದೆ. ಇದನ್ನು ಇಂಟೆಲ್ ಕಂಪನಿಯವರು 2007ರಿಂದ ಎಕ್ಸ್‌ಎಂಪಿ ಎಂದೂ, ಎಎಂಡಿಯವರು 2022ರಿಂದ ಡಿಡಿಆರ್5 ಸ್ಮೃತಿಗೆ ಎಕ್ಸ್‌ಪೋ ಎಂದೂ ಕರೆದರು. ಯಾರೂ ಆಯ್ಕೆ ಮಾಡದಿದ್ದರೆ ಯಂತ್ರವು ಸಾಮಾನ್ಯ ವೇಗವನ್ನೇ ಹಿಡಿಯುತ್ತದೆ. ಆದುದರಿಂದ 3200 ಎಂದು ಅಚ್ಚಾದ ಡಿಡಿಆರ್4 ಫಲಕವು 2133ರಲ್ಲಿ ಓಡುವುದುಂಟು.

ಎರಡನೆಯದು, ಪ್ರೊಸೆಸರ್ ಮತ್ತು ಮದರ್‌ಬೋರ್ಡುಗಳ ಮಿತಿ. ಇಂಟೆಲ್‌ನ ಬಿ460 ಬೋರ್ಡಿನಲ್ಲಿ ಹತ್ತನೆಯ ಪೀಳಿಗೆಯ ಐ5 ಪ್ರೊಸೆಸರ್ ಇದ್ದರೆ 3200ರ ಫಲಕವೂ 2666ಕ್ಕೇ ನಿಲ್ಲುತ್ತದೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ವೇಗವನ್ನು ಬದಲಿಸುವ ಆಯ್ಕೆಯೇ ಇರುವುದಿಲ್ಲ. ಇದನ್ನು ಕೊಳ್ಳುವ ಮುನ್ನವೇ ತಿಳಿಯಬೇಕು.

ಮೂರನೆಯದು, ವಿಷಮ ಜೋಡಿ. ವೇಗದ ಫಲಕದ ಪಕ್ಕದಲ್ಲಿ ಹಳೆಯ ಮಂದಫಲಕವನ್ನು ಉಳಿಸಿಕೊಂಡರೆ ಎರಡೂ ಮಂದಗತಿಯಲ್ಲಿಯೇ ನಡೆಯುತ್ತವೆ.

ನಾಲ್ಕನೆಯದು, ಸ್ಥಾನದೋಷ. ಸಾಮಾನ್ಯವಾಗಿ ಸ್ಮೃತಿಗೆ ಎರಡು ಮಾರ್ಗಗಳುಂಟು. 3200ರ ವೇಗದಲ್ಲಿ ಸೆಕೆಂಡಿಗೆ 320 ಕೋಟಿ ಸಲ, ಸಲಕ್ಕೆ 8 ಬೈಟಿನಂತೆ, ಒಂದು ಮಾರ್ಗದಲ್ಲಿ 25.6 ಗಿಗಾಬೈಟ್ ಸಾಗಬಲ್ಲದು, ಎರಡರಲ್ಲಿ 51.2. ಆದುದರಿಂದ 16ರ ಒಂದು ಫಲಕಕ್ಕಿಂತ 8ರ ಎರಡು ಮೇಲು. ನಾಲ್ಕು ತೂತುಗಳಿರುವ ಬೋರ್ಡಿನಲ್ಲಿ ಬಹುಮಟ್ಟಿಗೆ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ತೂತುಗಳನ್ನು ಬಳಸಬೇಕು. ಬೋರ್ಡಿನ ಕೈಪಿಡಿಯೇ ಇದಕ್ಕೆ ಪ್ರಮಾಣ.

ಇಲ್ಲೊಂದು ಶಂಕೆ: ಕೆಲವು ತಂತ್ರಾಂಶಗಳು 3200ಕ್ಕೆ ಬದಲಾಗಿ 1600 ಎಂದು ತೋರಿಸುತ್ತವಲ್ಲ? ಇದು ದೋಷವಲ್ಲ. ಡಿಡಿಆರ್ ಸ್ಮೃತಿಯು ಗಡಿಯಾರದ ಒಂದು ಮಿಡಿತಕ್ಕೆ ಎರಡು ಸಲ ಮಾಹಿತಿ ಸಾಗಿಸುತ್ತದೆ. 1600ರ ಇಮ್ಮಡಿಯೇ 3200.

ಪರಿಹಾರದ ಕ್ರಮ ಹೀಗಿದೆ. ಯಂತ್ರವನ್ನು ಚಾಲೂ ಮಾಡಿದೊಡನೆ ಡಿಲೀಟ್ ಅಥವಾ ಎಫ್2 ಕೀಲಿಯನ್ನೊತ್ತಿ ಬಯಾಸ್ ಪ್ರವೇಶಿಸಬೇಕು. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆರಿಸಿ, ಉಳಿಸಿ ಹೊರಬರಬೇಕು. ಆಗ ಡಿಡಿಆರ್4 ಫಲಕದ ವೋಲ್ಟೇಜು 1.2ರಿಂದ ಸಾಮಾನ್ಯವಾಗಿ 1.35ಕ್ಕೆ ಏರುತ್ತದೆ. ಯಂತ್ರವು ಏಳದಿದ್ದರೆ ಗಾಬರಿ ಬೇಡ. ವಿದ್ಯುತ್ ಸಂಪರ್ಕವನ್ನು ತೆಗೆದು, ಬೋರ್ಡಿನ ನಾಣ್ಯಾಕಾರದ ಬ್ಯಾಟರಿಯನ್ನು ಕೆಲವು ನಿಮಿಷ ಬಿಚ್ಚಿಟ್ಟರೆ ಹಳೆಯ ಸ್ಥಿತಿಗೆ ಮರಳುತ್ತದೆ.

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ವೇಗ ಬಂದಿತೆಂದರೆ ನಿಷ್ಠೆಯೂ ಬಂದಿತೆಂದಲ್ಲ. ಶಿಡ್ಲಘಟ್ಟದ ಸರ್ಕಾರಿ ಗೂಡು ಮಾರುಕಟ್ಟೆಯಲ್ಲಿ ಹರಾಜು ಗಣಕದ ಮೂಲಕ ನಡೆಯುತ್ತದೆ. ಇಂತಹ ಕಡೆ ತೂಕ, ದರಗಳೆಲ್ಲ ಯಾವುದಾದರೊಂದು ಯಂತ್ರದ ಸ್ಮೃತಿಯನ್ನು ಹಾಯ್ದೇ ದಾಖಲಾಗಬೇಕು. 68 ಎಂಬ ಸಂಖ್ಯೆಯು ಅಲ್ಲಿ 64 ಮತ್ತು 4ರ ಕೂಟವಾಗಿ, 1000100 ಎಂಬ ರೂಪದಲ್ಲಿರುತ್ತದೆ. ಮೊದಲಿನ ಒಂದು ಅಂಕೆ ಹೊರಳಿ ಸೊನ್ನೆಯಾದರೆ ಉಳಿಯುವುದು 4 ಮಾತ್ರ! ಹಗಲಿರುಳು ಸೊಪ್ಪು ಹಾಕಿ ಹುಳು ಸಾಕಿದ ಸಂಸಾರದ 68 ಕಿಲೋ ಗೂಡು, ಲೆಕ್ಕದಲ್ಲಿ ನಾಲ್ಕೇ ಕಿಲೋ ಆದೀತು. ದೊಡ್ಡ ಸರ್ವರುಗಳಲ್ಲಿ ಇಂತಹ ತಪ್ಪನ್ನು ತಿದ್ದುವ ಇಸಿಸಿ ಸ್ಮೃತಿಯನ್ನು ಬಳಸುವುದು ಇದಕ್ಕಾಗಿಯೇ. ಮನೆಯ, ಶಾಲೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಆ ರಕ್ಷಣೆಯಿಲ್ಲ.

ಆದುದರಿಂದ ವೇಗ ಹೆಚ್ಚಿಸಿದ ಮೇಲೆ ಮೆಮ್‌ಟೆಸ್ಟ್86 ಎಂಬ ತಂತ್ರಾಂಶದಿಂದ ಒಂದು ರಾತ್ರಿ ಪರೀಕ್ಷಿಸಬೇಕು. ಒಂದೇ ಒಂದು ದೋಷ ಕಂಡರೂ ವೇಗವನ್ನು 2933ಕ್ಕೋ ಅದಕ್ಕೂ ಕೆಳಗೋ ಇಳಿಸಿ ಮತ್ತೆ ಪರೀಕ್ಷಿಸಬೇಕು. ಲೆಕ್ಕಪತ್ರದ ಯಂತ್ರವಾದರೆ ಸಾಮಾನ್ಯ ವೇಗವೇ ಲೇಸು. ಬರಿಯ ಪತ್ರ ಬರೆಯುವವರಿಗೆ ಈ ವೇಗದಿಂದ ಹೆಚ್ಚಿನ ಲಾಭವಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದೆ ಚಿತ್ರ, ಚಲನಚಿತ್ರಗಳ ಕೆಲಸ ಮಾಡುವ ಯಂತ್ರಗಳಿಗೆ ಅದು ಎದ್ದು ಕಾಣುತ್ತದೆ.

ಪಾಠ ಒಪ್ಪಿಸುವ ಶಿಷ್ಯನು ಬೇಗ ಹೇಳಿದರೆ ಸಂತೋಷ. ತಪ್ಪಿಲ್ಲದೆ ಹೇಳಿದರೆ ಮಾತ್ರ ಉತ್ತೀರ್ಣ. ಯಂತ್ರದ ಸ್ಮೃತಿಗೂ ಇದೇ ನಿಯಮವೆಂದು ವಿದ್ಯಾರ್ಥಿಗಳು ತಿಳಿಯತಕ್ಕದ್ದು.