ಯಾವ ಭಾಷೆಯಲ್ಲಿ ಡಾಕ್ಟರಾಗುತ್ತೀ?

ತಂಗೀ, ಹಲವಾಗಲಿನ ಸರ್ಕಾರಿ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವಳು ನೀನು. ಇಂಗ್ಲಿಷಿನ ಪುಸ್ತಕ ಹಿಡಿದದ್ದು ಪಿಯುಸಿ ಸೈನ್ಸ್‌ಗೆ ಸೇರಿದ ಮೇಲೆ. ಎರಡು ವರ್ಷ ಒದ್ದಾಡಿ ನೀಟ್‌ನಲ್ಲಿ ಅರ್ಹತೆ ಪಡೆದಿದ್ದೀ. ಸರ್ಕಾರಿ ಸೀಟಿಗೆ ರ‍್ಯಾಂಕ್ ಸಾಲದೇನೋ ಎಂಬ ಅಳುಕು ನಿನಗೆ. ಅಷ್ಟರಲ್ಲಿ ದಾವಣಗೆರೆಯ ಏಜೆಂಟನೊಬ್ಬ ಜಾರ್ಜಿಯಾ, ಕಿರ್ಗಿಸ್ತಾನ್, ರಷ್ಯಾ ಅಂತ ಮೂರು ದೇಶದ ಕಾಲೇಜುಗಳ ಹೆಸರು ಹೇಳಿದ್ದಾನೆ. ಅಪ್ಪ ಹೊಳೆದಂಡೆಯ ಗದ್ದೆಯ ಪಹಣಿ ತೆಗೆಸುತ್ತಿದ್ದಾರಂತೆ. ಆ ಪಹಣಿ ಬ್ಯಾಂಕಿಗೆ ಹೋಗುವ ಮೊದಲು ನನ್ನ ಮಾತು ಸ್ವಲ್ಪ ಕೇಳು. ಹೋಗಬೇಡ ಎನ್ನಲು ಬಂದವನಲ್ಲ ನಾನು. ತಿಳಿದುಕೊಂಡು ಹೋಗು ಎನ್ನಲು ಬಂದವನು.

ಎಲ್ಲರೂ ಕೇಳುವುದು ಫೀಸು ಎಷ್ಟು, ಹಾಸ್ಟೆಲ್‌ನಲ್ಲಿ ನಮ್ಮ ಊಟ ಸಿಗುತ್ತದಾ ಎಂದು. ನೀನು ಮೊದಲು ಕೇಳಬೇಕಾದ್ದು ಭಾಷೆಯ ವಿಷಯ. ಪಾಠ ಯಾವ ಭಾಷೆಯಲ್ಲಿ, ಅಲ್ಲಿನ ರೋಗಿ ಮಾತಾಡುವುದು ಯಾವ ಭಾಷೆಯಲ್ಲಿ, ಓದು ಮುಗಿದ ಮೇಲೆ ನಿನಗೆ ನೋಂದಣಿ ಕೊಡುವವರು ಯಾವ ಭಾಷೆಯ ಓದನ್ನು ಒಪ್ಪುತ್ತಾರೆ? ಈ ಮೂರಕ್ಕೂ ಉತ್ತರ ಒಂದೇ ಇರಬೇಕೆಂದೇನಿಲ್ಲ. ಮೂರೂ ಬೇರೆ ಬೇರೆ ಇದ್ದರೆ ಆ ಅಂತರವನ್ನು ದಾಟಬೇಕಾದವಳು ನೀನು, ಏಜೆಂಟನಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ನಿನಗೊಂದು ಕೀಳರಿಮೆ ಇದೆ, ಅದನ್ನು ನಾನು ಗಮನಿಸಿದ್ದೇನೆ. ಈ ಪಾಡು ನಿನ್ನೊಬ್ಬಳದಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಕ್ಕಳನ್ನು ನೋಡು. ಬಹುಪಾಲು ಮಂದಿ ಬಾಲವಾಡಿಯಿಂದ ಫ್ರೆಂಚ್‌ನಲ್ಲೇ ಓದುತ್ತಾರೆ. ಶ್ರೀಮಂತ ದೇಶ, ಒಳ್ಳೆಯ ಶಾಲೆ. ಆದರೂ ಅಮೆರಿಕದ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವಾಗ ಅವರಿಗೂ ಇದೇ ತೊಡಕು. ಅಲ್ಲಿನ ಪ್ರವೇಶ ಪರೀಕ್ಷೆ ಎಂಕ್ಯಾಟ್ ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ, ಫ್ರೆಂಚ್‌ನಲ್ಲಿ ಆ ಪ್ರಶ್ನೆಪತ್ರಿಕೆಯೇ ಇಲ್ಲ. ಹಾಗಾಗಿಯೇ ಮಾಂಟ್ರಿಯಲ್, ಲವಾಲ್, ಶೆರ್‌ಬ್ರೂಕ್ ವಿಶ್ವವಿದ್ಯಾಲಯಗಳು ಫ್ರೆಂಚ್‌ನಲ್ಲಿ ನಡೆಸುವ ತಮ್ಮ ವೈದ್ಯಕೀಯ ಕೋರ್ಸಿಗೆ ಆ ಪರೀಕ್ಷೆಯನ್ನು ಕೇಳುವುದಿಲ್ಲ. ತಮ್ಮ ಮಕ್ಕಳಿಗೆ ತಮ್ಮ ಭಾಷೆಯಲ್ಲೇ ಬಾಗಿಲು ತೆರೆದಿಟ್ಟಿದ್ದಾರೆ. ನಮ್ಮಲ್ಲಿ ಅಷ್ಟಿಲ್ಲ. 2017ರಿಂದ ನೀಟ್ ಪತ್ರಿಕೆ ಕನ್ನಡದಲ್ಲೂ ಸಿಗುತ್ತಿದೆ, ಎಂಬಿಬಿಎಸ್ ಪಾಠ ಮಾತ್ರ ಇಂಗ್ಲಿಷಿನಲ್ಲೇ.

ಇನ್ನು ಕಾನೂನು. ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, 2021ರ ನವೆಂಬರ್‌ನಲ್ಲಿ ಹೊರದೇಶದಲ್ಲಿ ಓದುವವರಿಗೆ ಹೊಸ ನಿಯಮ ತಂದಿತು. ಕೋರ್ಸು 54 ತಿಂಗಳಿಗೆ ಕಡಿಮೆ ಇರಬಾರದು. ಅದರ ಮೇಲೆ 12 ತಿಂಗಳ ಇಂಟರ್ನ್‌ಷಿಪ್ ಅದೇ ಕಾಲೇಜಿನಲ್ಲಿ ಆಗಬೇಕು. ಪಾಠ ಇಂಗ್ಲಿಷಿನಲ್ಲಿ ನಡೆದಿರಬೇಕು. ಆ ದೇಶದಲ್ಲಿ ಅಲ್ಲಿಯವರಂತೆಯೇ ವೈದ್ಯವೃತ್ತಿ ಮಾಡಲು ನೀನು ಅರ್ಹಳಾಗಿರಬೇಕು. ಊರಿಗೆ ಬಂದ ಮೇಲೆ ಇಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಷಿಪ್. ಸೇರಿದ ದಿನದಿಂದ ಹತ್ತು ವರ್ಷದೊಳಗೆ ಓದೆಲ್ಲ ಮುಗಿದಿರಬೇಕು. ಮಧ್ಯದಲ್ಲಿ ಕಾಲೇಜು ಬದಲಿಸುವಂತಿಲ್ಲ.

ಇಂಗ್ಲಿಷಿನ ಷರತ್ತನ್ನು ಹಗುರವಾಗಿ ನೋಡಬೇಡ. ಯಾರೋ ಫ್ರಾನ್ಸ್ ಅಗ್ಗ, ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಫೀಸೇ ಕಡಿಮೆ ಎಂದಾರು. ಫೀಸಿನ ಮಾತು ನಿಜ. ಆದರೆ ಅಲ್ಲಿ ಮೊದಲ ವರ್ಷದಿಂದಲೂ ಪಾಠ ಫ್ರೆಂಚ್‌ನಲ್ಲಿ, ಆ ವರ್ಷ ಮುಗಿಯುವಾಗ ಅರ್ಧಕ್ಕಿಂತ ಹೆಚ್ಚು ಮಂದಿ ಹೊರಗುಳಿಯುವಷ್ಟು ಪೈಪೋಟಿ. ಅದನ್ನೆಲ್ಲ ಗೆದ್ದು ಬಂದರೂ ಇಂಗ್ಲಿಷಿನಲ್ಲಿ ಓದಿಲ್ಲ ಎಂಬ ಕಾರಣಕ್ಕೆ ಇಲ್ಲಿ ನೋಂದಣಿ ಸಿಗದು. ಫ್ರಾನ್ಸಿನಲ್ಲೇ ನೆಲೆಸುವ ಮನಸ್ಸಿದ್ದರೆ ಅದು ಬೇರೆ ಮಾತು. ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಕೂತು ನಮ್ಮ ಜನಕ್ಕೆ ಔಷಧ ಕೊಡಬೇಕೆನ್ನುವವಳಿಗೆ ಆ ದಾರಿ ಕೂಡಿಬರುವುದಿಲ್ಲ.

ರಷ್ಯಾ, ಕಿರ್ಗಿಸ್ತಾನದ ಕಡೆ ನಮ್ಮ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪಾಠ ಹೇಳುವ ತರಗತಿಗಳಿವೆ. ಮೊದಲೆರಡು ವರ್ಷ ತೊಂದರೆ ಗೊತ್ತಾಗುವುದಿಲ್ಲ. ಮೂರನೇ ವರ್ಷ ವಾರ್ಡಿಗೆ ಕಾಲಿಟ್ಟಾಗ ಮಂಚದ ಮೇಲಿನ ಮುದುಕಿ ಎಲ್ಲಿ ನೋವು, ಎಂದಿನಿಂದ ನೋವು ಅಂತ ಹೇಳುವುದು ರಷ್ಯನ್‌ನಲ್ಲಿ. ಅದು ಅರ್ಥವಾಗದ ವಿದ್ಯಾರ್ಥಿ ಹಿಂದಿನ ಸಾಲಿನಲ್ಲಿ ನಿಂತು ದಿನ ಕಳೆಯುತ್ತಾನೆ. ಪುಸ್ತಕ ಓದಿ ಪಾಸಾಗುತ್ತಾನೆ, ರೋಗಿಯನ್ನು ಮುಟ್ಟಿ ನೋಡಿರುವುದಿಲ್ಲ. ಊರಿಗೆ ಬಂದ ಮೇಲೆ ಅದರ ಫಲ ಕಾಣುತ್ತದೆ. ಹೊರದೇಶದಲ್ಲಿ ಓದಿದವರು ಇಲ್ಲಿ ನೋಂದಣಿಗಾಗಿ ಬರೆಯಬೇಕಾದ ಎಫ್‌ಎಂಜಿಇ ಪರೀಕ್ಷೆಯಲ್ಲಿ 300 ಪ್ರಶ್ನೆ, 150 ಸರಿಯಾದರೆ ಪಾಸು. ವರ್ಷಕ್ಕೆ ಎರಡು ಸಲ ನಡೆಯುತ್ತದೆ. 2024ರ ಜೂನ್ ಪರೀಕ್ಷೆಯಲ್ಲಿ ಪಾಸಾದವರು ನೂರಕ್ಕೆ ಸುಮಾರು 21 ಮಂದಿ. ಉಳಿದವರೆಲ್ಲ ದಡ್ಡರೇ? ಖಂಡಿತ ಅಲ್ಲ. ಹಲವರಿಗೆ ವಾರ್ಡಿನ ಕಲಿಕೆ ಸರಿಯಾಗಿ ಸಿಕ್ಕಿರುವುದಿಲ್ಲ. ಹೋಗುವುದೇ ಆದರೆ ವಿಮಾನ ಹತ್ತುವ ಮೊದಲೇ ಆ ದೇಶದ ಭಾಷೆ ಕಲಿಯಲು ಶುರು ಮಾಡು. ಪಿಯುಸಿಯ ಎರಡು ವರ್ಷದಲ್ಲಿ ಇಂಗ್ಲಿಷಿನ ವಿಜ್ಞಾನ ಕಲಿತವಳು ನೀನು, ಇನ್ನೊಂದು ಭಾಷೆ ನಿನಗೆ ಹೊರೆಯಾಗುವುದಿಲ್ಲ. ಒಂದೇ ಭಾಷೆಯಲ್ಲಿ ಬೆಳೆದವರಿಗಿಂತ ನಿನಗೆ ಇದು ಬೇಗ ಬರುತ್ತದೆ ಎಂದೇ ನನ್ನ ನಂಬಿಕೆ.

ಏಜೆಂಟ್ ‘ಎನ್‌ಎಂಸಿ ಮಾನ್ಯತೆ ಪಡೆದ ಕಾಲೇಜು’ ಎಂದರೆ ಅಲ್ಲೇ ಎಚ್ಚರವಾಗು. ಎನ್‌ಎಂಸಿ ಹೊರದೇಶದ ಯಾವ ಕಾಲೇಜಿಗೂ ಮಾನ್ಯತೆ ಕೊಡುವುದಿಲ್ಲ, ಪಟ್ಟಿಯನ್ನೂ ಮಾಡುವುದಿಲ್ಲ. ನಿಯಮಕ್ಕೆ ಹೊಂದುತ್ತದೋ ಇಲ್ಲವೋ ನೋಡಿಕೊಳ್ಳುವ ಹೊಣೆ ಪೂರ್ತಿ ನಿನ್ನದು. ಫಿಲಿಪ್ಪೀನ್ಸ್‌ನ ನಾಲ್ಕು ವರ್ಷದ ಎಂ.ಡಿ. ಈ 54 ತಿಂಗಳ ಲೆಕ್ಕಕ್ಕೆ ನಿಲ್ಲದೆ ಎಷ್ಟೋ ಮನೆಗಳು ಕಂಗಾಲಾದವು. ಕೋರ್ಸಿನ ಅವಧಿ, ಪಾಠದ ಭಾಷೆ, ಇಂಟರ್ನ್‌ಷಿಪ್, ಅಲ್ಲಿನ ಲೈಸೆನ್ಸ್ ಈ ನಾಲ್ಕನ್ನೂ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆಸಿಕೋ. ಬಾಯಿಮಾತಿಗೆ ದುಡ್ಡು ಕಟ್ಟಬೇಡ.

ಕಾಗದಪತ್ರದ ಆಚೆಗೂ ನೋಡಬೇಕಾದ್ದಿದೆ. ನಮ್ಮೂರ ಹೊಳೆಯ ಆಚೆ ದಡ ರಾಣೆಬೆನ್ನೂರು ತಾಲ್ಲೂಕು. ಅಲ್ಲಿನ ಚಳಗೇರಿಯ ನವೀನ್ ಉಕ್ರೇನಿನ ಖಾರ್ಕಿವ್‌ನಲ್ಲಿ ನಾಲ್ಕನೇ ವರ್ಷದ ವೈದ್ಯಕೀಯ ಓದುತ್ತಿದ್ದ. 2022ರ ಮಾರ್ಚ್ 1ರಂದು ಆಹಾರ ತರಲು ಹೊರಗೆ ಹೋದವನು ರಷ್ಯಾದ ಶೆಲ್ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ಶೇ 97 ಅಂಕ ಬಂದರೂ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲ ಎಂದು ಅವನ ತಂದೆ ಹೇಳಿದ್ದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ತಂದೆತಾಯಿ ಮಗನ ದೇಹವನ್ನು ದಾವಣಗೆರೆಯ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳ ಕಲಿಕೆಗೆ ಕೊಟ್ಟರು. ಅವತ್ತು ಉಕ್ರೇನಿನಿಂದ ಜೀವ ಉಳಿಸಿಕೊಂಡು ಬಂದ ಸಾವಿರಾರು ಮಕ್ಕಳು ಮುಂದೆ ಎಲ್ಲಿ ಓದುವುದೆಂದು ತಿಳಿಯದೆ ಕೋರ್ಟು, ಕಚೇರಿ ಅಲೆದರು. ನಿನ್ನನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ದೇಶ ಆರಿಸುವಾಗ ಅಲ್ಲಿನ ಸುದ್ದಿಯನ್ನೂ ಓದು ಎಂದು ಹೇಳುತ್ತಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ನಿಜವಾದ ಆಸೆ ಹೇಳಿಬಿಡುತ್ತೇನೆ. ನಿನಗೆ ಇಲ್ಲೇ ಸೀಟು ಸಿಗಬೇಕು. ನೀನು ಇನ್ನೂ ಆ ಲೆಕ್ಕವನ್ನೇ ಸರಿಯಾಗಿ ಹಾಕಿಲ್ಲ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೌನ್ಸೆಲಿಂಗ್‌ನಲ್ಲಿ ಶೇ 5 ಮೀಸಲಾತಿ ಇದೆ, ಗ್ರಾಮೀಣ ಶಾಲೆಯವರಿಗೆ ಶೇ 15. ನಮ್ಮ ಹರಪನಹಳ್ಳಿ ತಾಲ್ಲೂಕು 2018ರಲ್ಲಿ ದಾವಣಗೆರೆ ಜಿಲ್ಲೆಯಿಂದ ಬಳ್ಳಾರಿಗೆ ಮರಳಿ, ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಕೊಡುವ ಸವಲತ್ತು ಪಡೆಯಿತು. ಈಗ ವಿಜಯನಗರ ಜಿಲ್ಲೆಯಲ್ಲಿದ್ದರೂ ಅದು ನಮ್ಮದೇ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70 ಸೀಟು ಈ ಭಾಗದ ಮಕ್ಕಳಿಗೆ, ಉಳಿದ ಕರ್ನಾಟಕದಲ್ಲಿ ಶೇ 8. ಬಳ್ಳಾರಿ, ಕೊಪ್ಪಳ, ರಾಯಚೂರು, ಕಲಬುರಗಿ, ಬೀದರ್, ಯಾದಗಿರಿಯ ಮೆಡಿಕಲ್ ಕಾಲೇಜುಗಳೆಲ್ಲ ಇದರೊಳಗೇ ಬರುತ್ತವೆ. ನೀನು ಸಾಲದು ಎಂದುಕೊಂಡಿರುವ ರ‍್ಯಾಂಕ್ ಈ ಕೋಟಾದ ಕಟ್‌ಆಫ್ ಒಳಗೆ ಇದ್ದರೂ ಇರಬಹುದು. ಹಿಂದಿನ ವರ್ಷಗಳ ಕಟ್‌ಆಫ್ ಕೆಇಎ ಜಾಲತಾಣದಲ್ಲೇ ಇದೆ, ತೆಗೆದು ನೋಡು.

ಈ ವರ್ಷ ಬರದಿದ್ದರೆ ಇನ್ನೊಂದು ವರ್ಷ ನೀಟ್‌ಗೆ ಕೂರು. ವರ್ಷ ಹಾಳಾಯಿತು ಎನ್ನುವ ನೆಂಟರ ಮಾತಿಗೆ ಕಿವಿಗೊಡಬೇಡ. ಹೊರದೇಶದ ಪ್ರವೇಶಕ್ಕೆ ನೀಟ್ ಅರ್ಹತೆ ಮೂರು ವರ್ಷ ನಡೆಯುತ್ತದೆ, ಆ ಬಾಗಿಲು ನಾಳೆಯೇ ಮುಚ್ಚುವುದಿಲ್ಲ. ಮುಂದಿನ ವಾರವೇ ಸೀಟು ಮುಗಿಯುತ್ತದೆ ಎಂದು ಅವಸರ ಮಾಡುವ ಏಜೆಂಟನಿಗೆ ಇದನ್ನೇ ಹೇಳು.

ಸೋಮವಾರ ಹರಪನಹಳ್ಳಿಗೆ ಹೋಗು. ನಿನ್ನ ಶಾಲೆಯ ಹೆಡ್‌ಮಾಸ್ತರರ ಸಹಿ ಇರುವ ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಗಳಿಗೆ ಬಿಇಒ ಕಚೇರಿಯಲ್ಲಿ ಮೇಲುರುಜು ಮಾಡಿಸು. ಅಲ್ಲಿಂದ ಎ.ಸಿ. ಕಚೇರಿಗೆ ಹೋಗಿ 371(ಜೆ) ಪ್ರಮಾಣಪತ್ರಕ್ಕೆ ಅರ್ಜಿ ಕೊಡು. ಅಪ್ಪನನ್ನೂ ಕರೆದುಕೊಂಡು ಹೋಗು. ಪಹಣಿ ಮನೆಯಲ್ಲೇ ಇರಲಿ.